ಯಾರಿಗೆ ಯಾವ ವರಸೆ

ನಾನು ಕತ್ತಿ ಹಿಡಿದದ್ದು ಮದುವೆಯಾದ ಮೇಲೆ. ಹೀಗೆಂದ ಕೂಡಲೇ ಜನ ನನ್ನ ಗಂಡನ ಕಡೆ ಅನುಕಂಪದಿಂದ ನೋಡುತ್ತಾರೆ. ಕತ್ತಿ ಮರದ್ದು, ಎದುರಿಗೆ ನಿಲ್ಲುವವಳು ನನ್ನ ನಾದಿನಿ. ಅವಳು ಅಜ್ಜಂಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರ್, ನಾನು ತರೀಕೆರೆಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಹೇಳಿಕೊಡುವವಳು. ಇಬ್ಬರ ಮನೆಯೂ ಕಡೂರಿನಲ್ಲೇ. ಬೆಳಿಗ್ಗೆ ಒಂದೇ ರೈಲು ಹತ್ತಿ ಬೀರೂರಿನವರೆಗೆ ಹರಟುತ್ತೇವೆ. ಅಲ್ಲಿ ಅವಳು ಇಳಿದು ಅಜ್ಜಂಪುರದ ಗಾಡಿ ಹಿಡಿಯುತ್ತಾಳೆ, ನಾನು ಕೂತ ಗಾಡಿಯಲ್ಲೇ ಮುಂದೆ ಹೋಗುತ್ತೇನೆ.

ಆ ಅರೆಗಳಿಗೆಯ ಪ್ರಯಾಣದಲ್ಲೇ ಅವಳು ಒಮ್ಮೆ ಫೋನಿನಲ್ಲಿ ಯುರೋಪಿನ ಹಳೆಯ ಕತ್ತಿವರಸೆಯ ಕೈಪಿಡಿಯೊಂದರ ಚಿತ್ರಗಳನ್ನು ತೋರಿಸಿದಳು. ನೂರಾರು ವರ್ಷಗಳ ಹಿಂದೆ ಜರ್ಮನಿಯ ಕಡೆಯ ಕತ್ತಿಗುರುಗಳು ಬರೆಸಿಟ್ಟದ್ದು. ಪುಟಕ್ಕಿಬ್ಬರು ಗಂಡಸರು, ಉದ್ದನೆಯ ಕತ್ತಿ, ಕೆಳಗೆ ಒಗಟಿನಂಥ ಸಾಲುಗಳು. ನಿಲುವುಗಳ ಹೆಸರು ನೋಡಿ ನಕ್ಕೆವು. ಕತ್ತಿಯನ್ನು ತಲೆಯ ಪಕ್ಕದಲ್ಲಿ ಕೊಂಬಿನ ಹಾಗೆ ಚಾಚಿದರೆ ಎತ್ತು, ಸೊಂಟದ ಬಳಿ ಹಿಡಿದು ಮೊನೆಯನ್ನು ಮೇಲಕ್ಕೆ ಮಾಡಿದರೆ ನೇಗಿಲು. ಪರವಾಗಿಲ್ಲ, ನಮ್ಮ ಕಡೆಯ ಜನವೇ ಅಂದುಕೊಂಡೆವು.

ಅವಳಿಗೆ ಆಟ ಬೇಕಿತ್ತು, ನನಗೆ ಒಗಟು. ಕಣ್ಣು ಎಷ್ಟು ಕಾಣುತ್ತದೆ, ಮಿದುಳು ಎಷ್ಟನ್ನು ಊಹಿಸಿ ತುಂಬಿಕೊಳ್ಳುತ್ತದೆ ಎಂದು ಪಾಠ ಮಾಡಿ ಹೊಟ್ಟೆ ಹೊರೆಯುವವಳು ನಾನು. ಬೀಸಿ ಬರುವ ಕತ್ತಿಯನ್ನು ಕಣ್ಣು ಕಂಡು, ಮನಸ್ಸು ತೀರ್ಮಾನಿಸಿ, ಕೈ ಏಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಹಾಗಿದ್ದರೆ ಆ ಗುರುಗಳು ಶಿಷ್ಯರಿಗೆ ಏನನ್ನು ನೋಡಲು ಕಲಿಸುತ್ತಿದ್ದರು? ಈ ಪ್ರಶ್ನೆ ನನ್ನ ತಲೆಗೆ ಹತ್ತಿಬಿಟ್ಟಿತು. ಇಂಗ್ಲಿಷ್ ಅನುವಾದ ಇಟ್ಟುಕೊಂಡು ನಾನು ಅರ್ಥ ಬಿಡಿಸುವುದು, ಭಾನುವಾರ ಹಿರೇನಲ್ಲೂರಿನ ಅತ್ತೆಯ ಮನೆಯ ಕಣದಲ್ಲಿ ಇಬ್ಬರೂ ಆಡಿ ನೋಡುವುದು. ರಾಗಿಯ ಕೆಲಸವನ್ನೆಲ್ಲ ಮಿಷನ್ ಹೊಲದಲ್ಲೇ ಮುಗಿಸುವುದರಿಂದ ಕಣ ನಮ್ಮ ಪಾಲಿಗೆ ಖಾಲಿ ಇತ್ತು.

ಹೋದ ವರ್ಷ ನನ್ನ ಬಲಗಣ್ಣಿನ ರೆಟಿನಾ ಎಂಬ ಒಳಪರದೆ ಹರಿಯಿತು. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು, ದೃಷ್ಟಿ ಮಾತ್ರ ಮರಳಲಿಲ್ಲ. ಎರಡು ಕಣ್ಣುಗಳ ನೋಟದ ಸಣ್ಣ ವ್ಯತ್ಯಾಸದಿಂದ ಮಿದುಳು ಅಂತರ ಅಳೆಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದವಳಿಗೆ, ಆ ಮಾತಿನ ಅರ್ಥ ಗೊತ್ತಾದದ್ದು ಕಾಫಿಯನ್ನು ಲೋಟದ ಪಕ್ಕಕ್ಕೆ ಸುರಿದಾಗ. ರೈಲಿನಿಂದ ಪ್ಲಾಟ್‌ಫಾರಂಗೆ ಕಾಲಿಡುವಾಗ ಬಾಗಿಲ ಕಂಬಿ ಬಿಡಲು ಧೈರ್ಯ ಬರುತ್ತಿರಲಿಲ್ಲ. ಡಾಕ್ಟರು "ಅಭ್ಯಾಸ ಆಗುತ್ತೆ" ಅಂದರು, ನೆಂಟರು "ಅಯ್ಯೋ ಪಾಪ" ಅಂದರು. ಎರಡೂ ಕೇಳಿ ನನಗೆ ಮೈ ಉರಿಯುತ್ತಿತ್ತು. ನನಗೆ ಬೇಕಿದ್ದದ್ದು ಮತ್ತೆ ಕಣಕ್ಕಿಳಿದು ನಾದಿನಿಯ ಎದುರು ನಿಲ್ಲುವುದು. ಅದೊಂದು ಆಗದೆ ಹೋದರೆ ಉಳಿದ ಆಯುಷ್ಯವೆಲ್ಲ ಗೋಡೆ ಸವರಿಕೊಂಡು ಓಡಾಡುವವಳಾಗುತ್ತೇನೆ ಎಂಬ ಹೆದರಿಕೆ ಇತ್ತು.

ಡಾಕ್ಟರು ಒಪ್ಪಿದ ಮೇಲೆ ಇಬ್ಬರೂ ಜಾಲರಿಯ ಹೆಲ್ಮೆಟ್ ಹಾಕಿಕೊಂಡು ನಿಂತೆವು. ಅವಳ ಕತ್ತಿ ಎಷ್ಟು ದೂರದಲ್ಲಿದೆ ಎಂದೇ ನನಗೆ ತಿಳಿಯಲಿಲ್ಲ. ಹಿಂದೆ ಸರಿದೆ, ಇನ್ನೂ ಸರಿದೆ, ಕೊನೆಗೆ ಬೆನ್ನು ಹುಲ್ಲಿನ ಬಣವೆಗೆ ತಾಗಿತು. ಅವಳು ಕತ್ತಿಯನ್ನು ಮೆಲ್ಲಗೆ ತಂದು ನನ್ನ ಭುಜಕ್ಕೆ ಮುಟ್ಟಿಸಿದಳು.

"ಇದೇನೇ ಇದು, ಸವರ್ತಿದ್ಯಾ? ಸರಿಯಾಗಿ ಹೊಡಿಯೇ" ಎಂದೆ.

"ಬ್ಯಾಡ ಅತ್ತಿಗೆ. ಇರೋ ಒಂದ್ ಕಣ್ಗೆ ಏನಾರ ಆದ್ರೆ ಅಣ್ಣಂಗೆ ಏನ್ ಹೇಳ್ಲಿ?"

ನಾನು ಕತ್ತಿ ಎಸೆದು ಒಳಗೆ ಹೋದೆ. ಅಡುಗೆಮನೆಯಲ್ಲಿ ಸದ್ದು ಮಾಡದೆ ಕಣ್ಣೀರು ಹಾಕಿದೆ.

ಅಲ್ಲಿಂದ ನನಗೆ ನಿಲುವಿನ ಹುಚ್ಚು ಹಿಡಿಯಿತು. ನಿಲುವು ಕೂದಲೆಳೆಯಷ್ಟೂ ತಪ್ಪದಿದ್ದರೆ ಕಣ್ಣಿನ ಹಂಗೇ ಬೇಕಿಲ್ಲ ಎಂಬುದು ನನ್ನ ಲೆಕ್ಕಾಚಾರ. ಫೋನಿನಲ್ಲಿ ಚಿತ್ರದ ಒಬ್ಬನನ್ನು ಪರದೆ ತುಂಬುವಂತೆ ಹಿಗ್ಗಿಸಿಕೊಂಡು, ಅವನ ಮೊಣಕೈ, ಮಂಡಿ, ಹಿಮ್ಮಡಿ ನೋಡಿ ನೋಡಿ ಒಬ್ಬಳೇ ನಿಲ್ಲುತ್ತಿದ್ದೆ. ಒಂದು ಭಾನುವಾರ ಪಡಸಾಲೆಯಲ್ಲಿ ಹಾಗೆ ನಿಂತು ನಾದಿನಿಯನ್ನು ಕೇಳಿದೆ:

"ಇದ್ಯಾವ ವರಸೆ ಹೇಳೇ ನೋಡಣ?"

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ತಲೆಯೆತ್ತಿದರು. "ಯಾರಿಗೆ?"

"ಏನತ್ತೆ?"

"ವರಸೆ ಯಾರಿಗೆ ಅಂತ ಕೇಳ್ದೆ. ಹುಡ್ಗಿ ಯಾವ್ ಕಡೆಯೋಳು?"

ಆ ವಾರವೆಲ್ಲ ಮನೆಯಲ್ಲಿ ನೆಂಟರ ಹುಡುಗನೊಬ್ಬನ ಸಂಬಂಧದ್ದೇ ಮಾತು. ನಮ್ಮಲ್ಲಿ ಜಾತಕಕ್ಕಿಂತ ಮೊದಲು ವರಸೆ, ಅಂದರೆ ಯಾರಿಗೆ ಯಾರು ಏನಾಗಬೇಕು ಎಂಬುದನ್ನು, ನೋಡುತ್ತಾರೆ. ಯಾವುದೋ ಸುತ್ತುಬಳಸಿನಲ್ಲಿ ಹುಡುಗ ಹುಡುಗಿ ಅಣ್ಣ ತಂಗಿ ಆಗುವುದಾದರೆ ಮಾತು ಅಲ್ಲಿಗೇ ಮುಗಿಯಿತು. ಅತ್ತೆ ಅದೇ ಗುಂಗಿನಲ್ಲಿದ್ದರು.

ನಾದಿನಿ ಬಿದ್ದು ಬಿದ್ದು ನಕ್ಕಳು. "ಅವ್ವ, ಇದು ಕತ್ತಿವರಸೆ ಕಣವ್ವ. ಸಂಬಂಧದ್ದಲ್ಲ!"

ಅತ್ತೆಗೆ ಸಿಟ್ಟು ಬಂತು. "ಎಂಥದೋ ಒಂದು. ವರಸೆ ಅಂದ್ಮೇಲೆ ಎದುರುಗಡೆ ಒಬ್ರು ಇರ್ಬೇಕಲ್ಲ? ಅವ್ಳೊಬ್ಳೇ ನಿಂತ್ಕಂಡು ನಾನು ಅತ್ತಿಗೆ, ನಾನು ಅತ್ತಿಗೆ ಅಂದ್ರೆ ಯಾರಿಗಂತ ಅತ್ತಿಗೆ?" ಎಂದು ಸಿಪ್ಪೆ ಕೊಡವಿಕೊಂಡು ಎದ್ದು ಹೋದರು. ನಾವು ಆಡಿಕೊಂಡೆವು ಎಂದೇ ಅವರು ತಿಳಿದದ್ದು. ಆಮೇಲೆ ಸಮಾಧಾನ ಮಾಡಲು ಸಾಕುಸಾಕಾಯಿತು.

ನಾನೂ ನಕ್ಕೆ, ಆಮೇಲೆ ನಗು ಅರ್ಧಕ್ಕೆ ನಿಂತಿತು. ಫೋನ್ ತೆಗೆದು ಚಿತ್ರವನ್ನು ಕುಗ್ಗಿಸಿದೆ. ಇಷ್ಟು ದಿನ ಪರದೆಯ ಆಚೆಗೆ ತಳ್ಳಿದ್ದ ಇನ್ನೊಬ್ಬ ಗಂಡಸು ಒಳಗೆ ಬಂದ. ಆ ಕೈಪಿಡಿಯಲ್ಲಿ ಪುಟ ಪುಟಕ್ಕೂ ಇಬ್ಬರಿದ್ದರು, ಅವರ ಕತ್ತಿಗಳು ಎಲ್ಲೋ ಒಂದು ಕಡೆ ತಾಗಿಕೊಂಡಿದ್ದವು. ಕತ್ತಿಗೆ ಕತ್ತಿ ತಾಗಿದಾಗ ಎದುರಿನವನು ಗಟ್ಟಿಯೋ ಮೆತ್ತಗೋ ಎಂದು ಅರಿತುಕೋ, ಮೆತ್ತಗಿದ್ದರೆ ನುಗ್ಗು, ಗಟ್ಟಿಯಿದ್ದರೆ ಸಡಿಲಬಿಟ್ಟು ಬಳಸಿ ಹೋಗು ಎಂಬ ಅರ್ಥದ ಮಾತು ಮತ್ತೆ ಮತ್ತೆ ಬರುತ್ತಿತ್ತು. ಅದನ್ನು ನಾನು ಓದಿದ್ದೆ, ಆದರೆ ಕಣ್ಣಿಲ್ಲದ ದುಃಖದಲ್ಲಿ ಅದು ಕಣ್ಣಿಗೇ ಬಿದ್ದಿರಲಿಲ್ಲ. ಮುಟ್ಟಿ ತಿಳಿದದ್ದಕ್ಕೆ ಕೈ ಓಗೊಡುವುದು ಕಂಡು ತಿಳಿದದ್ದಕ್ಕಿಂತ ಬೇಗ, ಇದೂ ನನ್ನದೇ ಪಾಠ. ಇಬ್ಬರ ನಡುವೆ ಇರುವುದನ್ನು ನಾನು ಒಬ್ಬಳೇ ನಿಂತು ಅಳೆಯಲು ಹೊರಟಿದ್ದೆ. ದೂರದಿಂದ ಅಳೆಯಲಾಗದವಳು ಹತ್ತಿರ ಹೋಗಬೇಕಿತ್ತು, ನಾನೋ ಬಣವೆಯತ್ತ ಓಡುತ್ತಿದ್ದೆ.

ಸಂಜೆ ಬಿಸಿಲು ಇಳಿದ ಮೇಲೆ ಅವಳನ್ನು ಕಣಕ್ಕೆ ಎಳೆದುಕೊಂಡು ಹೋದೆ. ಈ ಸಲ ಹಿಂದೆ ಸರಿಯಲಿಲ್ಲ. ಹೆದರಿಕೆ ಇದ್ದೇ ಇತ್ತು. ಕತ್ತಿ ಮುಂದಿಟ್ಟುಕೊಂಡು ಅವಳ ಕತ್ತಿ ಎಲ್ಲಿದ್ದೀತೋ ಅಲ್ಲಿಗೆ ನಡೆದೆ. ಟಕ್ ಎಂದಿತು. ಆ ಮರದ ತುಂಡಿನ ಮೂಲಕ ಅವಳ ಕೈ ನನ್ನ ಕೈಗೆ ಬಂತು. ಮೆತ್ತಗಿತ್ತು. ಅವಳ ಕನಿಕರ ನನ್ನ ಅಂಗೈಗೆ ನೇರವಾಗಿ ತಿಳಿಯಿತು, ತಿಳಿದ ಕೂಡಲೇ ಕೋಪ ನೆತ್ತಿಗೇರಿತು. ತಳ್ಳಿಕೊಂಡು ನುಗ್ಗಿ ಅವಳ ಹೆಲ್ಮೆಟ್ಟಿನ ಮೇಲೆ ಒಂದು ಬಿಟ್ಟೆ.

ಅವಳು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಳು. "ಓಹೋ, ಹಂಗೋ!" ಎಂದಳು.

ಆಮೇಲೆ ಬಂದದ್ದು ನನ್ನ ಹಳೆಯ ನಾದಿನಿ. ಕತ್ತಿಗಳು ತಾಗಿದವು, ಅವಳದು ಈಗ ಗಟ್ಟಿ. ನಾನು ಸಡಿಲಬಿಟ್ಟು ಬಳಸಿಕೊಂಡು ಹೋದೆ, ಅದು ಅವಳ ಕೈಗೂ ತಿಳಿಯಿತು, ಅವಳು ತಡೆದಳು. ಮತ್ತೆ ತಾಗಿದೆವು. ಎಷ್ಟು ಹೊತ್ತು ಹಾಗೆ ಆಡಿದೆವೋ, ಕೊನೆಗೆ ಅವಳು ಪೂರ್ತಿ ಬೀಸಿ ನನ್ನ ಪಕ್ಕೆಗೆ ಕೊಟ್ಟ ಏಟಿಗೆ ಉಸಿರು ಸಿಕ್ಕಿಕೊಂಡು ಕೂತುಬಿಟ್ಟೆ. ಅವಳು ನನ್ನ ಕಣ್ಣನ್ನು ಮರೆತು ಹೊಡೆದಿದ್ದಳು. ಹೆಲ್ಮೆಟ್ಟಿನೊಳಗೆ ನಾನು ಅಳುತ್ತಿದ್ದೆ, ಅಷ್ಟು ಸಂತೋಷವಾಗಿತ್ತು.

"ಅಯ್ಯೋ ಅತ್ತಿಗೆ, ಪೆಟ್ಟಾಯ್ತಾ?"

"ಆಯ್ತು ಕಣೇ. ಬಾ, ಇನ್ನೊಂದ್ಸಲ."