ಬಸುರಿ ಇರೋ ಮನೆಯ ಇಲಿಗಳು

ಅಂಗಡಿಗೆ ಹೋಗಿ ‘ಇಲಿ ಪಾಷಾಣ ಕೊಡ್ರಿ’ ಅನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ಸಾಬೂನು, ಕಡ್ಡಿಪೆಟ್ಟಿಗೆ ಅಂತ ಏನೇನೋ ಕೇಳಿ ಮನೆಗೆ ಬರುತ್ತೇನೆ. ಇಲಿಯ ಮೇಲೆ ನನಗೆ ಪ್ರೀತಿ ಉಕ್ಕುತ್ತದೆ ಅಂತ ತಿಳಿಯಬೇಡಿ, ಬಾಲ ಕಂಡರೆ ಮಂಚ ಏರುವವಳು ನಾನು. ಇದು ನಮ್ಮ ಅತ್ತೆ ಹಾಕಿಹೋದ ಕಟ್ಟು.

ಎಪ್ಪತ್ತರ ದಶಕದ ಕೊನೆಗೆ ದೇವದುರ್ಗದಿಂದ ಮದುವೆಯಾಗಿ ರಾಯಚೂರಿಗೆ ಬಂದೆ. ಮನೆ ಇದ್ದದ್ದು ಗಂಜಿನ, ಅಂದರೆ ಕಾಳುಕಡಿ ಮಾರುಕಟ್ಟೆಯ, ಹಿಂದೆ, ಅಕ್ಕಿ ಗಿರಣಿಯ ಗೋಡೆಗೆ ಗೋಡೆ. ಗಿರಣಿಯಲ್ಲಿ ಉಂಡ ಇಲಿಗಳು ನಮ್ಮ ಮನೆಗೆ ಅಡ್ಡಾಡಲು ಬರುತ್ತಿದ್ದವು. ತಿಂದದ್ದು ಅರಗಬೇಕಲ್ಲ! ದೇವದುರ್ಗದಲ್ಲೂ ಇಲಿಗಳಿದ್ದವು. ಆದರೆ ಅವು ಜೋಳ ತಿಂದ ಬಡಕಲು ಜೀವಗಳು, ಮನುಷ್ಯರನ್ನು ಕಂಡರೆ ಓಡುವಷ್ಟು ಮರ್ಯಾದೆ ಉಳಿಸಿಕೊಂಡಿದ್ದವು. ರಾಯಚೂರಿನವು ಹಾಗಲ್ಲ. ನಿಂತು, ಮೀಸೆ ಅಲ್ಲಾಡಿಸಿ, ‘ಯಾರ ಪೈಕಿ ನೀನು?’ ಅನ್ನುವ ಹಾಗೆ ಹೊಸ ಸೊಸೆಯನ್ನು ನೋಡುತ್ತಿದ್ದವು.

ಒಂದು ವರ್ಷ ಊರಿನ ಇಲಿಗಳನ್ನೆಲ್ಲ ಒಮ್ಮೆಗೇ ಮುಗಿಸಬೇಕೆಂದು ಮುನಸಿಪಾಲಟಿಯಲ್ಲಿ ಠರಾವಾಯಿತು. ಮನೆಮನೆಗೂ ವಿಷ ಕಲೆಸಿದ ಹಿಟ್ಟಿನ ಉಂಡೆ ಹಂಚಿದರು. ಒಂದೇ ದಿನ ಎಲ್ಲರೂ ಇಡಬೇಕು, ಒಂದು ಮನೆ ತಪ್ಪಿದರೂ ಇಲಿಗಳೆಲ್ಲ ಅಲ್ಲಿಗೇ ಹೋಗಿ ಕೂಡುತ್ತವೆ ಅಂದರು. ಆ ತಪ್ಪಿದ ಮನೆ ನಮ್ಮದು. ಯಾಕೆಂದರೆ ನಾನು ಬಸುರಿ.

“ಬಸುರಿ ಇರೋ ಮನ್ಯಾಗ ಜೀವ ತೆಗಿಯಂಗಿಲ್ಲ,” ಅಂದರು ಅತ್ತೆ. “ವಿಷಾ ಇಟ್ಟ ಕೈಲೆ ನಾಳಿ ಕೂಸಿನ್ನ ಹೆಂಗ ಎತ್ಲಿ?”

ಅವರ ಹಟಕ್ಕೆ ಇನ್ನೊಂದು ಬೇರಿತ್ತು. ಅವರು ಸಣ್ಣವರಿದ್ದಾಗ, ನಿಜಾಮರ ಕಾಲದಲ್ಲಿ, ಪ್ಲೇಗು ಬಂದಿತ್ತಂತೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಒಲೆ ಆರಿಸಿ ಊರಿಗೂರೇ ಹೊಲದ ಗುಡಿಸಲಿಗೆ ಹೋಗುತ್ತಿತ್ತು. ಹಾಗಾಗಿ ಲೋಕವೆಲ್ಲ ಬದುಕಿದ ಇಲಿಗೆ ಹೆದರಿದರೆ ನಮ್ಮತ್ತೆ ಸತ್ತ ಇಲಿಗೆ ಹೆದರುತ್ತಿದ್ದರು. ಯೋಚಿಸಿದರೆ ಅದೂ ಖರೇನೇ.

ಓಣಿಯವರು ಬಿಟ್ಟಾರೆಯೇ? ಪಕ್ಕದ ಮನೆಯ ಖಾಲಾ, ಗೋಣಿಚೀಲದ ವ್ಯಾಪಾರಿಯ ಹೆಂಡತಿ, ಸೊಂಟಕ್ಕೆ ಕೈಯಿಟ್ಟು ಬಂದರು. “ಅರೆ ಅಲ್ಲಾ! ಅಕ್ಕಾ, ಪುಣ್ಯಾ ನಿಮಗ, ಚೀಲಾ ನಮ್ಮವು. ಎಲ್ಲಾ ಕಡಿದು ಹಾಕ್ಯಾವ ನೋಡ್ರಿ!”

ಅತ್ತೆ ಜಗ್ಗಲಿಲ್ಲ. ನಮ್ಮ ಮನೆಯ ಆಯುಧ ಒಂದೇ, ತಂತಿಯ ಬೋನು. ಅದರೊಳಗೆ ಮೆಣಸಿನಕಾಯಿ ಬಜ್ಜಿ. ಬಿದ್ದ ಇಲಿಯನ್ನು ಕೊಲ್ಲುವಂತಿಲ್ಲವಲ್ಲ, ಅದಕ್ಕೆ ಮಾನ್ವಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದ ನಮ್ಮ ಮನೆಯವರು ಬೋನನ್ನು ಕೈಚೀಲದಲ್ಲಿಟ್ಟು ಬಸ್ಸು ಹತ್ತುತ್ತಿದ್ದರು. “ಏನ್ರೀ ಮಾಸ್ತರ, ಬುತ್ತಿ ಅಲಗಾಡಾಕತ್ತದಲ್ಲ?” ಅಂತ ಕಂಡಕ್ಟರು ಕೇಳಿದ್ದುಂಟು. ಮಾನ್ವಿಯ ಹೊಲದಲ್ಲಿ ಅದನ್ನು ಬಿಟ್ಟು, ಆಮೇಲೆ ಸಾಲಿ. ಅದೇ ಮಾನ್ವಿಯಿಂದ ಗಂಜಿಗೆ ಭತ್ತದ ಲಾರಿಗಳು ಬರುತ್ತಿದ್ದವು. ಬಸ್ಸಿನಲ್ಲಿ ಹೋದ ಇಲಿಗಳು ಹೊಟ್ಟೆತುಂಬ ತಿನ್ನುತ್ತ ಲಾರಿಯಲ್ಲಿ ವಾಪಸು ಬರುತ್ತಿದ್ದವೋ ಏನೋ, ನಮ್ಮಲ್ಲಿ ಕಡಿಮೆಯಂತೂ ಆಗಲಿಲ್ಲ.

ನನಗೆ ಇದೆಲ್ಲ ನಗುವೇ ಆಗಿತ್ತು, ಕೌದಿಯ ಮಾತು ಬರುವ ತನಕ. ನನಗೆ ತಾಯಿ ಇರಲಿಲ್ಲ. ಚೊಚ್ಚಲ ಬಾಣಂತನಕ್ಕೆ ಹೋಗಲು ತವರೆಂಬುದೇ ಇರದ ಹಾಗಾಗಿತ್ತು. ಅಪ್ಪ ದೇವದುರ್ಗದಿಂದ ಬಂದು ಅವ್ವನ ಹಳೇ ಸೀರೆಗಳನ್ನು ಕೊಟ್ಟು ಹೋಗಿದ್ದ. ಅವ್ವನದು ಅಂತ ನನಗೆ ಉಳಿದದ್ದು ಅಷ್ಟೇ. ಅತ್ತೆ ಕೂತು ಅವನ್ನೇ ಕತ್ತರಿಸಿ, ಪದರಕ್ಕೆ ಪದರ ಸೇರಿಸಿ, ಹುಟ್ಟುವ ಕೂಸಿಗೆ ಕೌದಿ ಹೊಲಿದು ಟ್ರಂಕಿನಲ್ಲಿಟ್ಟರು.

ಟ್ರಂಕಿನ ತಳ ತುಕ್ಕು ಹಿಡಿದು ತೂತಾಗಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ದಿನ ತುಂಬಿದಾಗ ತೆರೆದು ನೋಡಿದರೆ ಕೌದಿಯ ಒಂದು ಮಗ್ಗುಲು ಚೂರುಚೂರು. ಆ ಚೂರಿನ ನಡುವೆ ಕಣ್ಣು ಬಿಡದ ಕೆಂಪು ಮರಿಗಳು. ಪಕ್ಕದಲ್ಲಿ ತಾಯಿ, ಓಡದೆ ನಮ್ಮನ್ನೇ ನೋಡುತ್ತ ಕೂತಿತ್ತು.

ನಾನು ನೆಲಕ್ಕೆ ಕೂತು ಅತ್ತುಬಿಟ್ಟೆ. “ಆ ಉಂಡಿ ಇಟ್ಟಿದ್ರ ನಮ್ಮವ್ವನ ಸೀರಿ ಉಳೀತಿತ್ತು!” ಅಂತ ಅತ್ತೆಗೆ ಎದುರು ಮಾತಾಡಿದೆ, ಮೊದಲ ಸಲ. ಗದ್ದಲ ಕೇಳಿ ಓಡಿ ಬಂದ ಖಾಲಾ ಆಗಲೇ ಚಪ್ಪಲಿ ಕೈಗೆ ತಗೊಂಡಿದ್ದರು. ಒಳಗೆ ಇಣುಕಿ ನೋಡಿ, ಸದ್ದಿಲ್ಲದೆ ಕೆಳಗಿಟ್ಟರು.

ಅತ್ತೆ ಕತ್ತರಿ ತಂದರು. ಕೌದಿಯನ್ನು ನಟ್ಟನಡುವೆ ಕತ್ತರಿಸಿದರು. ಮರಿಗಳಿದ್ದ ಭಾಗವನ್ನು ಅಲ್ಲೇ ಬಿಟ್ಟು, ಚಲೋ ಇದ್ದ ಭಾಗವನ್ನು ನನ್ನ ಮಡಿಲಿಗೆ ಹಾಕಿದರು. “ಅಕಿನೂ ಬಾಣಂತಿ. ಅರ್ಧ ಅಕಿಗಿ, ಅರ್ಧ ನಿನಗ. ನಿಮ್ಮವ್ವ ಇದ್ರೂ ಇಲ್ಲ ಅಂತಿದ್ದಿಲ್ಲ.” ಖಾಲಾ ಮನೆಗೆ ಹೋಗಿ ತಮ್ಮ ಹಳೇ ಹಸಿರು ಓಢಣಿ ತಂದರು. ಇಬ್ಬರೂ ಕೂತು ಅದನ್ನು ಆ ಅರ್ಧಕ್ಕೆ ಸೇರಿಸಿ ಹೊಲಿದರು. ನನ್ನ ಮಗಳು ಅದರ ಮೇಲೆಯೇ ಮಲಗಿ ಬೆಳೆದಳು.

ಇಲಿಮರಿಗಳು ಕಣ್ಣು ಬಿಟ್ಟು ಅಡಿಗೆ ಮನೆಯಲ್ಲಿ ಓಡಾಡತೊಡಗಿದ್ದೇ ತಡ, ಅತ್ತೆ ಬೋನಿಗೆ ಬಿಸಿ ಬಜ್ಜಿ ಸಿಕ್ಕಿಸಿದರು. ತಾಯಿ ಇಲಿ ಬಿದ್ದಾಗ ಅದಕ್ಕೇ ಹೇಳಿದರು: “ಬಾಣಂತನ ಮುಗೀತವ್ವಾ, ಇನ್ನ ನಡಿ. ತವರ ಮನ್ಯಾಗ ಎಷ್ಟ್ ದಿನಾಂತ ಇರ್ತಿ?” ಹಿಂದಿನಿಂದ ಮಕ್ಕಳೂ ಒಂದೊಂದಾಗಿ ಮಾನ್ವಿ ಬಸ್ಸು ಹತ್ತಿದವು.

ನನ್ನ ಬಾಣಂತನ ಮಾತ್ರ ಮುಗಿಯಿತು ಅಂತ ಅವರು ಕಡೆಗೂ ಹೇಳಲೇ ಇಲ್ಲ. ಮಗಳು ಪಾಟಿಚೀಲ ಹಾಕಿಕೊಂಡು ಸಾಲಿಗೆ ಹೋಗುವಾಗಲೂ, ನಾನು ತಲೆಗೆ ಬಟ್ಟೆ ಕಟ್ಟದೆ ಅಂಗಳಕ್ಕೆ ಇಳಿದರೆ ಒಳಗಿನಿಂದ ಕೂಗುತ್ತಿದ್ದರು: “ಹಸಿ ಮೈಯಾಕಿ, ಗಾಳ್ಯಾಗ ನಿಂದ್ರಬ್ಯಾಡ. ಒಳಗ ಬಾರವ್ವಾ.”