ರಾಚಮ್ಮನ ಪಾಲಿಗೆ ಬಂದ ರಾಗ

ಹನಗೋಡಿನ ಕೆಳಗೇರಿಯ ರಾಚಮ್ಮನಿಗೆ ಅನುಮಾನ ಹುಟ್ಟುಗುಣವಲ್ಲ, ಊರು ಕಲಿಸಿದ ಗುಣ. ಹೋಟೆಲಿನ ಸೂರಿಗೆ ಸಿಕ್ಕಿಸಿಟ್ಟ ಬೇರೆ ಲೋಟ, ಬಾವಿಕಟ್ಟೆಯಿಂದ ದೂರ ನಿಂತು ಯಾರಾದರೂ ನೀರು ಹಾಕಲಿ ಎಂದು ಕಾಯುವ ಬಿಂದಿಗೆ, ಇಷ್ಟೆಲ್ಲ ಕಂಡವಳು ಹಾಲು ಕೊಟ್ಟರೂ ಮೂಸಿ ನೋಡದೆ ಕುಡಿಯುತ್ತಾಳೆಯೇ? ಕುಡಿಯಲೂಬಾರದು ಬಿಡಿ.

ಅವಳಿಗಿದ್ದ ದೊಡ್ಡಸ್ತಿಕೆ ಒಂದೇ, ಗಂಟಲು. ನಾಟಿಯ ಗದ್ದೆಯಿರಲಿ, ಕೇರಿಯ ಮದುವೆಯ ಸೋಬಾನೆಯಿರಲಿ, ಸೊಲ್ಲು ಎತ್ತುವವಳು ರಾಚಮ್ಮನೇ. ಅವಳು ಎತ್ತಿದ್ದನ್ನು ಉಳಿದವರು ಅದೇ ಧಾಟಿಯಲ್ಲಿ ಹಿಂದೆ ಹೇಳಬೇಕು. ಯಾವಳಾದರೂ ಬೇರೆ ಧಾಟಿ ಎಳೆದಳೋ, ಮದುವೆಯ ಗಂಡು ಹೆಣ್ಣು ಕೂಡಿ ಬಾಳುವುದಿಲ್ಲ ಎಂದು ಮುದುಕಿಯರು ಅವಳಿಗೆ ಸರಿಯಾಗಿ ಮಂಗಳಾರತಿ ಮಾಡುತ್ತಿದ್ದರು.

ಇಂಥವಳು ಅರವತ್ತೇಳನೇ ಇಸವಿಯಲ್ಲಿ ಹೊಳೆದಾರಿಯ ಪುಟ್ಟ ಹೆಂಚಿನ ಚರ್ಚಿಗೆ ಹೋಗತೊಡಗಿದಳು. ಗಂಡ ಚೆಲುವಯ್ಯ ಬೇಡವೆನ್ನಲಿಲ್ಲ, ಬಾ ಎಂದರೆ ಬರಲೂ ಇಲ್ಲ. ಅವನ ಅಣ್ಣತಮ್ಮಂದಿರು ಮಾತ್ರ ಸಿಟ್ಟಿನಿಂದ ಕುಣಿದಾಡಿದರು.

"ಅಲ್ಲಿ ಒಂದೇ ಚಾಪೆ, ಒಂದೇ ಲೋಟ. ಭೇದ ಇಲ್ಲ ಕಣ್ರಪ್ಪ" ಎಂದಳು ರಾಚಮ್ಮ. "ಭೇದ ಕಂಡ್ ದಿನ ನಾನೇ ವಾಪಸ್ ಬತ್ತೀನಿ. ನಿಮ್ ಮುಂದೆ ತಲೆ ತಗ್ಗುಸ್ತೀನಿ."

ಅಂದಿನಿಂದ ಕೇರಿಯವರು ಅವಳನ್ನು ಸೋಬಾನೆಗೆ ಕರೆಯುವುದನ್ನು ನಿಲ್ಲಿಸಿದರು. ಅದು ಅವಳ ಹೊಟ್ಟೆಗೆ ಬೆಂಕಿ ಇಟ್ಟ ಹಾಗಾಯಿತು. ಆದರೆ ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ.

ಹಾಗೆಂದು ಚರ್ಚನ್ನಾದರೂ ಸುಮ್ಮನೆ ನಂಬಿದಳೇ? ಎಲ್ಲಾದರೂ ಉಂಟೇ! ಮೊದಲ ವಾರವೇ ತಾನು ಕಾಫಿ ಕುಡಿದ ಅಲ್ಯೂಮಿನಿಯಂ ಲೋಟದ ತಳಕ್ಕೆ ಪಿನ್ನಿನಲ್ಲಿ ಗೀರು ಹಾಕಿಟ್ಟಳು. ಮುಂದಿನ ಭಾನುವಾರ ಆ ಗೀರಿನ ಲೋಟ ಪೇಟೆಬೀದಿಯ ಕಾಂಪೌಂಡರ್ ಹೆಂಡತಿ ಸುನಂದಮ್ಮನ ಕೈಯಲ್ಲಿತ್ತು. ಸುನಂದಮ್ಮ ಊದಿ ಊದಿ ಕುಡಿಯುತ್ತಿದ್ದಳು. ಅವತ್ತು ರಾಚಮ್ಮ ಮೊದಲ ಸಲ ಚಾಪೆಯ ಅಂಚು ಬಿಟ್ಟು ನಡುವೆ ಕೂತಳು.

ಮರುವರ್ಷದ ಕ್ರಿಸ್‌ಮಸ್ಸಿಗೆ ಹಾಡು ಕಲಿಸಲು ಜ್ಞಾನಪ್ಪ ಮೇಷ್ಟ್ರು ಹಾರ್ಮೋನಿಯಂ ಹಿಡಿದು ಬಂದರು. ಮೈಸೂರಿನಲ್ಲಿ ಕಲಿತವರು, ಹೆಂಗಸರನ್ನೆಲ್ಲ 'ನೀವು' ಎನ್ನುವವರು. ಒಂದೇ ಹಾಡನ್ನು ಎರಡು ರಾಗದಲ್ಲಿ ಒಟ್ಟಿಗೆ ಹಾಡಿಸಲು, ಒಬ್ಬೊಬ್ಬರ ದನಿಯನ್ನೂ ಕೇಳಿ ನೋಡಿ ಗುಂಪು ಒಡೆದರು. ಸುನಂದಮ್ಮ ಮತ್ತು ಪೇಟೆಬೀದಿಯ ಮೂವರು ಮೇಲಿನ ದನಿಗೆ. ರಾಚಮ್ಮ, ಅವಳ ಹಿಂದೆ ಚರ್ಚಿಗೆ ಬರತೊಡಗಿದ್ದ ಪಕ್ಕದ ಮನೆಯ ಮರಮ್ಮ, ಮರಮ್ಮನ ಸೊಸೆ, ಈ ಮೂವರು ಕೆಳಗಿನ ದನಿಗೆ.

"ನಿಮ್ಮದು ಆಲ್ಟೊ" ಎಂದು ಮೇಷ್ಟ್ರು ಕೆಳಗಿನ ದನಿಯ ಇಂಗ್ಲಿಷ್ ಹೆಸರು ಹೇಳಿದರು.

"ಅದ್ಯಾವ್ ಕೇರಿ ಸಾಮಿ?" ಎಂದಳು ರಾಚಮ್ಮ.

ಮೇಷ್ಟ್ರು ನಕ್ಕುಬಿಟ್ಟರು. ನಗಬಾರದಿತ್ತು. ಅವಳು ಕೇಳಿದ್ದು ತಮಾಷೆಗಲ್ಲ. ಕೆಳಗೇರಿಯ ಮೂವರೂ ಕೆಳಗೆ, ಪೇಟೆಬೀದಿಯ ನಾಲ್ವರೂ ಮೇಲೆ. ಅದೆಂಥ ಕಿವಿಯಪ್ಪಾ ಮೇಷ್ಟ್ರದು, ಗಂಟಲು ಕೇಳಿ ಬೀದಿ ಹೇಳುವ ಕಿವಿ!

ಕಲಿತಳು, ಆದರೆ ಕಣ್ಣಿಟ್ಟುಕೊಂಡೇ ಕಲಿತಳು. ಹೊಗೆಸೊಪ್ಪನ್ನು ಒಣಹಾಕುವ ಕಡ್ಡಿಗೆ ಕಟ್ಟುತ್ತಾ ತನ್ನ ಪಾಲಿನ ರಾಗವನ್ನು ಒಬ್ಬಳೇ ಗುನುಗಿದರೆ ಅದು ಹಾಡೇ ಅಲ್ಲ. ಏರುವ ಕಡೆ ಏರದು, ಇಳಿಯುವ ಕಡೆ ಇಳಿಯದು, ನಿಂತಲ್ಲೇ ನಿಲ್ಲುತ್ತದೆ. "ಇದೇನಮ್ಮಿ, ಎಮ್ಮೆ ಕರಾನ ಕರೆದಂಗೆ" ಎಂದು ಕೂಲಿಯ ಹೆಂಗಸರು ನಕ್ಕರು. ರಾಚಮ್ಮನಿಗೆ ಅಳು ಬಂತು. ಸೊಲ್ಲು ಎತ್ತುತ್ತಿದ್ದವಳಿಗೆ ಹಾಡಿನ ತಳದ ಗಷ್ಟು ಕೊಟ್ಟು, ತಿಳಿಯನ್ನು ಪೇಟೆಯವರು ಬಸಿದುಕೊಂಡಿದ್ದಾರೆ. ಲೋಟದಲ್ಲಿ ಮಾಡದ ಭೇದವನ್ನು ರಾಗದಲ್ಲಿ ಮಾಡಿದ್ದಾರೆ!

ಮುಂದಿನ ಭಾನುವಾರ ಹಾಡು ಶುರುವಾಗುತ್ತಲೇ ಅವಳು ಮೇಲಿನ ರಾಗವನ್ನೇ ಎತ್ತಿದಳು, ಹೆಂಚು ಹಾರುವ ಹಾಗೆ. ನಾಟಿಯ ಅಭ್ಯಾಸ ನೋಡಿ, ಮರಮ್ಮ ಮತ್ತು ಸೊಸೆ ಹಿಂದೆಯೇ ಹೊರಟರು. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿದರು.

"ರಾಚಮ್ಮ, ಅದು ನಿಮ್ಮದಲ್ಲ."

"ಯಾಕಲ್ಲ? ಬಾವಿ ನಮ್ದಲ್ಲ, ಗುಡಿ ನಮ್ದಲ್ಲ, ಈಗ ರಾಗಾನೂ ನಮ್ದಲ್ವಾ?" ಎಂದವಳೇ ಎದ್ದು ನಡೆದಳು. ಉಳಿದಿಬ್ಬರೂ ಸೆರಗು ಕೊಡವಿ ಅವಳ ಹಿಂದೆ ಬಂದರು.

ಒಂದು ವಾರ ಅತ್ತ ತಲೆ ಹಾಕಲಿಲ್ಲ. ಭಾವಮೈದುನರ ಮುಂದೆ ಹೇಗೆ ತಲೆ ತಗ್ಗಿಸುವುದು ಎಂಬುದೇ ಸಂಕಟ. ಕೊನೆಗೆ ಶನಿವಾರ ಮಧ್ಯಾಹ್ನ, ಹಾಡುವವರಿಗೆಂದು ಚರ್ಚಿನವರು ಕೊಟ್ಟಿದ್ದ ಬಿಳಿ ಸೀರೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ವಾಪಸ್ ಕೊಟ್ಟು, ಎರಡು ಮಾತು ಬಿಸಾಕಿ, ಕೈ ತೊಳೆದುಕೊಂಡು ಬರುವುದೆಂದು.

ಒಳಗೆ ಅಭ್ಯಾಸ ನಡೆದಿತ್ತು. ರಾಚಮ್ಮ ಬಾಗಿಲಿಗೆ ಹೋಗದೆ ಕಿಟಕಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತಳು. ತನ್ನ ಬೆನ್ನಹಿಂದೆ ಏನಾಡುತ್ತಾರೆ, ಕೇಳಿಯೇ ಬಿಡೋಣ. ಆದರೆ ಅವರು ಏನೂ ಆಡಲಿಲ್ಲ, ಹಾಡಿದರು. ಅವಳು ಹೊಟ್ಟೆಯುರಿದುಕೊಂಡಿದ್ದ ಅದೇ ತಿಳಿ, ಅದೇ ಮೇಲಿನ ರಾಗ. ಚೆನ್ನಾಗಿಯೇ ಇತ್ತು, ಆದರೆ ಉಪ್ಪು ಹಾಕಲು ಮರೆತ ಸಾರಿನ ಹಾಗಿತ್ತು.

"ಕೆಳಗಿನದ್ದನ್ನ ನಾನೇ ಹಾಡ್ತೀನಿ ಮೇಷ್ಟ್ರೇ" ಎಂದಳು ಸುನಂದಮ್ಮ. ಒಂದು ಸಾಲು ಹಾಡಿದಳು. ಎರಡನೇ ಸಾಲಿಗೆ ಮಿಕ್ಕವರ ರಾಗಕ್ಕೇ ಜಾರಿದಳು. ಮತ್ತೆ ಹಾಡಿದಳು, ಮತ್ತೆ ಜಾರಿದಳು. ಮೂರನೇ ಸಲ ಅವಳಿಗೇ ನಗು ಬಂತು.

"ಅಯ್ಯೋ, ಆ ಪುಣ್ಯಾತ್ಗಿತ್ತಿ ಇದನ್ನ ಹ್ಯಾಗೆ ಹಿಡ್ಕೋತಾಳೋ ಕಾಣೆ. ಪಕ್ಕದಲ್ಲಿ ನಾವಿಷ್ಟು ಜನ ಬೇರೆ ಕೂಗ್ತಿದ್ರೂ ಒಂದು ಕೂದಲಷ್ಟು ಅಲ್ಲಾಡಲ್ಲ."

"ಅದಕ್ಕೇ ಅವರಿಗೆ ಕೊಟ್ಟಿದ್ದು" ಎಂದರು ಮೇಷ್ಟ್ರು. "ಯಾಕೆಂದು ಹೇಳಿ ಕೊಡಬೇಕಿತ್ತು. ನಕ್ಕುಬಿಟ್ಟೆ. ತಪ್ಪು ನನ್ನದು."

ಹಾರ್ಮೋನಿಯಂ ಮತ್ತೆ ಎದ್ದಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವ ಹೆಂಗಸು ರಾಚಮ್ಮ. ನಿಜವೋ ಸುಳ್ಳೋ ನೋಡೇಬಿಡೋಣ ಎಂದು ಕೂತಲ್ಲಿಂದಲೇ ತನ್ನ ಪಾಲಿನ ರಾಗವನ್ನು ಮೆಲ್ಲಗೆ ಅವರದ್ದರ ಅಡಿಗೆ ಸೇರಿಸಿದಳು. ಎಮ್ಮೆಯ ಕೂಗು ಎನಿಸಿಕೊಂಡಿದ್ದು ಅಲ್ಲಿ ಹೋಗಿ ಕೂತ ಮೇಲೆ ಹಾಡು ಮೈ ತುಂಬಿ ನಿಂತಿತು. ಒಳಗೆ ಒಬ್ಬರೂ ಹಾಡು ನಿಲ್ಲಿಸಲಿಲ್ಲ. ಸುನಂದಮ್ಮ ಹಾಡುತ್ತಲೇ ಕಿಟಕಿಯಲ್ಲಿ ಬಗ್ಗಿ, ಬಾ ಎಂದು ಕೈ ಮಾಡಿದಳು. ರಾಚಮ್ಮ ಒಳಗೆ ಹೋದಳು. ಅವತ್ತಿನ ಕಾಫಿಯ ಲೋಟದ ತಳವನ್ನು ಮಾತ್ರ ತಿರುಗಿಸಿ ನೋಡಿಯೇ ಕುಡಿದಳು, ಅದು ಬೇರೆ ಮಾತು.

ಕ್ರಿಸ್‌ಮಸ್ ದಿನ ಚೆಲುವಯ್ಯ ಮೊದಲ ಸಲ ಚರ್ಚಿಗೆ ಬಂದು ಬಾಗಿಲ ಬಳಿ ನಿಂತು ಕೇಳಿದ. ಮನೆಯ ದಾರಿಯಲ್ಲಿ ಬಾಯಿ ಬಿಟ್ಟ.

"ಹಾಡೇನೋ ಎದೆ ತುಂಬ್ಕೊಂತು ಕಣಮ್ಮಿ. ಆದ್ರೆ ನಿನ್ ದನಿ ಎಲ್ಲೂ ಕೇಳ್ಸ್ಲೇ ಇಲ್ವಲ್ಲ? ತುಳುದ್ಬುಟ್ರಾ ನಿನ್ನ?"

ಹದಿನೈದು ದಿನದ ಹಿಂದೆ ಈ ಮಾತು ಕೇಳಿದ್ದರೆ ಅವಳಿಗೆ ಬೆಂಕಿ ಹತ್ತುತ್ತಿತ್ತು. ರಾಚಮ್ಮ ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಾನು ನಿಲ್ಸಿದ್ರೆ ಕೇಳುಸ್ತಿತ್ತು, ನಡೀರಿ" ಎಂದಳು.