ಸೂರಮ್ಮ ಮನೆಯಲ್ಲೇ ಕಲಿಸಿದಳು

ಸೂರಮ್ಮ ಅಕ್ಷರ ಕಲಿತದ್ದು ಮದುವೆಯಾಗಿ ಮಗಳು ಹುಟ್ಟಿದ ಮೇಲೆ. ತೊಂಬತ್ತರ ದಶಕದ ಮೊದಲಲ್ಲಿ, ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲುಬಯಲ ಅಂಚಿನಲ್ಲಿದ್ದ ಅವರ ಹಟ್ಟಿಗೂ ಸಾಕ್ಷರತೆಯ ಪಾಠ ಬಂದಿತ್ತು. ಬೇರೆ ಹೆಂಗಸರು ಹೆಸರು ಬರೆಯುವಷ್ಟು ಕಲಿತು ಎದ್ದು ಹೋದರು. ಸೂರಮ್ಮ ಒತ್ತಕ್ಷರ ಬರುವವರೆಗೂ ಬಿಡದೆ ಕೂತಳು. "ಈ ವಯಸ್ಸಿನಾಗೆ ಓದಿ ಅಮಲ್ದಾರ ಆಗ್ತೀಯೇನೇ?" ಎಂದು ಗಂಡ ಸಣ್ಣತಿಮ್ಮಪ್ಪ ನಕ್ಕು, ಕುರಿ ಹೊಡೆದುಕೊಂಡು ಹೋಗುತ್ತಿದ್ದ.

ಮಗಳು ತೇಜಶ್ರೀ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಪ್ರಾರ್ಥನೆಯ ಸಾಲಿನಲ್ಲೇ ಮೂರ್ಛೆ ಬಂದು ಬಿದ್ದಳು. ಆ ತಿಂಗಳಲ್ಲೇ ಮತ್ತೆರಡು ಸಲ ಹಾಗಾಯಿತು. ಮಕ್ಕಳು ಹೆದರಿ ಅವಳ ಪಕ್ಕ ಕೂರುವುದನ್ನು ಬಿಟ್ಟವು. ಮೇಷ್ಟ್ರು ಜಯಣ್ಣ ಕೆಟ್ಟವರಲ್ಲ, ಶಾಲೆಗೆಲ್ಲ ಅವರೊಬ್ಬರೇ.

"ಕಲ್ಲಿನ ಮೇಲೆ ಬಿದ್ದು ತಲೆ ಒಡಕಂಡ್ರೆ ನಾನೇನು ಮಾಡ್ಲಮ್ಮ? ವಾಸಿ ಆಗೋಗಂಟ ಮನೇಲೇ ಇರ್ಲಿ" ಎಂದರು.

"ಓದು, ಮೇಷ್ಟ್ರೇ?"

"ನಿಂಗೆ ಬರ್ತೈತಲ್ಲ, ನೀನೇ ಹೇಳ್ಕೊಡು."

ಅವರು ಸಮಾಧಾನಕ್ಕೆ ಆಡಿದ ಮಾತದು. ಸೂರಮ್ಮ ಅಪ್ಪಣೆ ಎಂದುಕೊಂಡಳು.

ಪಕ್ಕದ ಮನೆ ಹುಡುಗರ ಹಳೇ ಪುಸ್ತಕ ಕೇಳಿ ತಂದಳು. ಶೇಂಗಾ ಸುಲಿಯುತ್ತ ಮಗ್ಗಿ, ರೊಟ್ಟಿ ಬೇಯುವಾಗ ಪದ್ಯ. ಮಗಳಿಗೆ ಹೇಳಬೇಕಾದ ಪಾಠವನ್ನು ಹಿಂದಿನ ದಿನವೇ ತಾನು ಓದಿಕೊಳ್ಳುತ್ತಿದ್ದಳು. ಭಿನ್ನರಾಶಿ ಮಾತ್ರ ತಲೆಗೆ ಹತ್ತಲಿಲ್ಲ. ಶಾಲೆ ಬಿಡುವ ಹೊತ್ತಿಗೆ ಹೋಗಿ ಬಾಗಿಲಲ್ಲಿ ನಿಂತಳು. ಜಯಣ್ಣ ಸೀಮೆಸುಣ್ಣದಲ್ಲಿ ಮೆಟ್ಟಿಲ ಮೇಲೆ ಬರೆದು ತೋರಿಸಿದರು. ದಾರಿಯಲ್ಲಿ ಮರೆತೀತೆಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ನಡೆದವಳನ್ನು ಕಂಡು ಹಟ್ಟಿಯ ಲಕ್ಷ್ಮಕ್ಕ, "ಏನವ್ವ, ಗಾಳಿ ಗೀಳಿ ಮೆಟ್ಟಿಕಂಡೈತಾ?" ಎಂದಿದ್ದಳು.

ಚಳ್ಳಕೆರೆಯ ಆಸ್ಪತ್ರೆ ಮಾತ್ರೆಯಿಂದ, ಹುಡುಗಿಗೆ ಹನ್ನೆರಡು ತುಂಬುವ ಹೊತ್ತಿಗೆ ಮೂರ್ಛೆ ಹತೋಟಿಗೆ ಬಂತು. ಓರಗೆಯವರು ಏಳನೇ ಕ್ಲಾಸಿನ ಪರೀಕ್ಷೆಗೆ ಓದುತ್ತಿದ್ದರು. "ನಾನೂ ಬರೀತೀನವ್ವ" ಎಂದಳು ತೇಜಶ್ರೀ. ಜಯಣ್ಣ ರಿಜಿಸ್ಟರ್ ತೆಗೆದು ನೋಡಿದರು. ಅವಳ ಹೆಸರಿನ ಮೇಲೆ ಐದು ವರ್ಷದ ಹಿಂದೆಯೇ ಕೆಂಪು ಗೆರೆ ಬಿದ್ದಿತ್ತು. ಎಳೆದವರು ಅವರೇ. ಅವರು ತಲೆ ಎತ್ತದೆ, "ಚಳ್ಳಕೆರೆಗೆ ಹೋಗಿ ಕೇಳಮ್ಮ" ಎಂದರು.

ಅಲ್ಲಿ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಅಧಿಕಾರಿಯೊಬ್ಬರು ಎಲ್ಲವನ್ನೂ ಸಾವಧಾನವಾಗಿ ಕೇಳಿ, ಬೀರುವಿನಿಂದ ಕಾನೂನಿನ ಪುಸ್ತಕ ತೆಗೆಸಿ ಹುಡುಕಿದರು.

"ಮನೇಲಿ ಕಲಿಸಬಾರದು ಅಂತ ಎಲ್ಲೂ ಇಲ್ಲಮ್ಮ. ಕಾಯಿಲೆ ಮಗು ಶಾಲೆಗೆ ಬರದಿದ್ರೂ ತಪ್ಪಲ್ಲ."

ಸೂರಮ್ಮನ ಮುಖ ಅರಳಿತು. "ಹಂಗಾದ್ರೆ ಪರೀಕ್ಷೆಗೆ ಕೂರಿಸ್ರಿ ಸಾರ್."

"ತಪ್ಪಲ್ಲ ಅಂದ್ರೆ ನಿಮಗೆ ಶಿಕ್ಷೆ ಇಲ್ಲ, ಅಷ್ಟೇ. ಕಲಿತಿದ್ದು ಲೆಕ್ಕಕ್ಕೆ ಬರಬೇಕಂದ್ರೆ ಮನೆಪಾಠ ಸರಿಯಾಗಿದೆ ಅಂತ ಇಲಾಖೆಯೋರು ನೋಡಿ ಬರೆದುಕೊಡಬೇಕು. ನೀವು ಮೊದಲ ವರ್ಷವೇ ಅರ್ಜಿ ಹಾಕಬೇಕಿತ್ತು."

"ಯಾರೂ ಹೇಳ್ಲಿಲ್ಲ ಸಾರ್."

"ಯಾರೂ ಕೇಳೂ ಇಲ್ಲ. ನನ್ನ ಸರ್ವೀಸಲ್ಲಿ ನೀವೇ ಮೊದಲು."

ಅವರು ಹೇಳಿದಂತೆ ಸೂರಮ್ಮ ತನ್ನ ಕೈಯಾರೆ ಅರ್ಜಿ ಬರೆದುಕೊಟ್ಟಳು. ಅರ್ಧ ಪುಟಕ್ಕೆ ಒಂದು ಗಂಟೆ ಹಿಡಿಯಿತು.

ಇಲಾಖೆಯ ತನಿಖೆಯವನು ಬೈಕಿನಲ್ಲಿ ಬಂದಾಗ ಏಳನೇ ಕ್ಲಾಸಿನ ಪರೀಕ್ಷೆ ಮುಗಿದು ಎರಡು ತಿಂಗಳಾಗಿತ್ತು. ತೇಜಶ್ರೀ ಕನ್ನಡ ತಡವರಿಸದೆ ಓದಿದಳು, ಲೆಕ್ಕ ಮಾಡಿ ತೋರಿಸಿದಳು. ಆತ ತಲೆದೂಗಿ, ಚೀಲದಿಂದ ಇಂಗ್ಲಿಷ್ ಪುಸ್ತಕ ತೆಗೆದ. ಹುಡುಗಿ ಅದನ್ನು ಹಿಡಿದು ಅವ್ವನ ಮುಖ ನೋಡಿದಳು. ಪಕ್ಕದ ಮನೆಯಿಂದ ತಂದ ಪುಸ್ತಕಗಳಲ್ಲಿ ಅದೂ ಒಂದಿತ್ತು. ಸೂರಮ್ಮ ಒಂದು ದಿನವೂ ತೆರೆದಿರಲಿಲ್ಲ.

"ಅದು ನಂಗೇ ಬರಲ್ಲ ಸಾರ್. ಹುಡುಗೀದು ತಪ್ಪಿಲ್ಲ."

"ಗೊತ್ತಾಗ್ತೈತಮ್ಮ" ಎಂದು ಆತ ಟೀ ಕುಡಿದು ಹೋದ.

ಕಾಗದ ಟಪಾಲಿನಲ್ಲಿ ಬಂತು. ಸೂರಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತಿರುವಾಗ ತೇಜಶ್ರೀ ಹೆಗಲ ಮೇಲಿಂದ ಬಗ್ಗಿ ಒಂದೇ ಉಸಿರಿಗೆ ಓದಿಬಿಟ್ಟಳು: "ಮನೆಯಲ್ಲಿ ನೀಡಿರುವ ಶಿಕ್ಷಣವು ತೃಪ್ತಿಕರವಾಗಿಲ್ಲ. ಬಾಲಕಿಯನ್ನು ಎರಡನೇ ತರಗತಿಗೆ ಪುನಃ ದಾಖಲಿಸಬಹುದು."

ಹದಿಮೂರರ ಹುಡುಗಿ ಏಳು ವರ್ಷದವರ ನಡುವೆ ಎರಡು ದಿನ ಕೂತು ಬಂದಳು. ಮೂರನೇ ದಿನ ಜಡೆ ಹಾಕಿಸಿಕೊಳ್ಳಲು ಬರಲಿಲ್ಲ. ಸೂರಮ್ಮ ಬೈಯಲಿಲ್ಲ, ಕರೆಯಲೂ ಇಲ್ಲ. ಆಮೇಲೆ ಆ ಮನೆಯಲ್ಲಿ ಯಾರೂ ಪುಸ್ತಕ ಮುಟ್ಟಲಿಲ್ಲ.

ಎರಡು ವರ್ಷದ ನಂತರ ಶಾಲೆ ಬಿಟ್ಟ ಮಕ್ಕಳನ್ನು ಎಣಿಸಲು ಹೊಸ ಮೇಡಂ ಒಬ್ಬರು ಮನೆಮನೆಗೆ ಬಂದರು. ಸೂರಮ್ಮ ಮಗಳ ವಯಸ್ಸು ಹೇಳಿದಳು.

"ಹದಿನೈದಾ? ಹದಿನಾಲ್ಕು ದಾಟಿದೋರು ನಮ್ಮ ಪಟ್ಟಿಗೆ ಬರಲ್ಲಮ್ಮ."

"ಏಳನೇ ಕ್ಲಾಸಿನಗಂಟ ಮನೇಲೇ ಕಲಿಸಿದ್ದೆ."

ಮೇಡಂ ಪಟ್ಟಿಯ ಮೇಲೆ ಪೆನ್ನು ಆಡಿಸಿ ನೋಡಿದರು. ಅದನ್ನು ಬರೆಯುವ ಜಾಗ ಸಿಗಲಿಲ್ಲ. ಪಕ್ಕದ ಮನೆಯ ಬಾಗಿಲಿಗೆ ಹೋದರು.

ತಾನು ಅಕ್ಷರ ಕಲಿಯದೆ ಹೋಗಿದ್ದರೆ ಮಗಳಿಗೆ ಪರೀಕ್ಷೆ ಬರೆಯುವ ಆಸೆಯಾದರೂ ಹುಟ್ಟುತ್ತಿರಲಿಲ್ಲ ಎಂದು ಸೂರಮ್ಮನಿಗೆ ಅನಿಸಿತು.